ಸತ್ಯಾಂಶ: ಕೆಂಪಗೆ ಕಾಯಿಸಿ ನೀರಿಗೆ ಅದ್ದಿದ ಮಾತ್ರಕ್ಕೆ ಉಳಿ ಆಗದು

‘ಯಾವ ಕಬ್ಬಿಣವನ್ನಾದರೂ ಕೆಂಪಗೆ ಕಾಯಿಸಿ ತಣ್ಣೀರಿಗೆ ಅದ್ದಿ, ಗಟ್ಟಿ ಉಳಿ ಸಿದ್ಧ, ಹೆಚ್ಚು ಸಲ ಅದ್ದಿದಷ್ಟೂ ಹೆಚ್ಚು ಗಟ್ಟಿ’ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು.

ಗಟ್ಟಿತನ ಬರುವುದು ಉಕ್ಕಿನಲ್ಲಿರುವ ಇಂಗಾಲದಿಂದ. ಮಾಮೂಲಿ ಮೆದು ಉಕ್ಕಿನಲ್ಲಿ ಅದು ಸುಮಾರು ಶೇ 0.2 ಮಾತ್ರ, ಎಷ್ಟು ಸಲ ಅದ್ದಿದರೂ ಅದರ ಬಾಯಿ ಹರಿತ ಹಿಡಿಯುವುದಿಲ್ಲ. ಉಳಿಗೆ ಶೇ 0.6ರಿಂದ 1ರವರೆಗೆ ಇಂಗಾಲ ಬೇಕು.

ಅಂಥ ಉಕ್ಕನ್ನು ಆಯಸ್ಕಾಂತ ಹಿಡಿಯದಂತಾಗುವವರೆಗೆ, ಅಂದರೆ ಸುಮಾರು 770 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಇನ್ನು ಸ್ವಲ್ಪವೇ ಬಿಸಿ ಏರಿಸಿ ಅದ್ದಬೇಕು. ಹಳದಿಯಾಗುವಷ್ಟು ಕಾಯಿಸಿದರೆ ಒಳಗಿನ ಕಣಗಳು ದಪ್ಪಗಾಗುತ್ತವೆ, ಪೆಟ್ಟಿಗೆ ಮುರಿಯುತ್ತದೆ. ತೆಳು ಅಂಚಿನ ಉಪಕರಣಕ್ಕೆ ನೀರಿಗಿಂತ ಬೆಚ್ಚಗಿನ ಎಣ್ಣೆ ಲೇಸು. ನೀರಿನಲ್ಲಿ ಬಿರುಕು ಬೀಳುವ ಸಂಭವ ಹೆಚ್ಚು. ಅದ್ದಿದ ಮೇಲೆ ಬಾಯಿಗೆ ಅರ ಹಾಕಿ ನೋಡಿ: ಕಚ್ಚದೆ ಜಾರಿದರೆ ಗಟ್ಟಿಯಾಗಿದೆ.

ಆದರೆ ಈಗ ಅದು ಗಾಜಿನಷ್ಟೇ ಪೆಡಸು. ಸಂದೇಶ ಬಿಟ್ಟಿರುವುದು ಮುಂದಿನ ಈ ಹಂತವನ್ನೇ, ಕೆಲಸದ ಜೀವಾಳವೂ ಇದೇ. ಮೇಲ್ಮೈಯನ್ನು ಉಜ್ಜಿ ಹೊಳೆಯಿಸಿ, ಹಿಂಬದಿಯಿಂದ ನಿಧಾನವಾಗಿ ಕಾಯಿಸಿ. ಬಿಸಿ ಏರಿದಂತೆ ಹೊಳೆಯುವ ಮೇಲ್ಮೈಯಲ್ಲಿ ಮೂಡುವ ಬಣ್ಣ ಬಾಯಿಯತ್ತ ಹರಿದು ಬರುತ್ತದೆ. ಮರದ ಉಳಿಯ ಬಾಯಿಗೆ ತಿಳಿ ಹುಲ್ಲಿನ ಬಣ್ಣ (ಸುಮಾರು 230 ಡಿಗ್ರಿ) ಬಂದಾಗ, ಕಬ್ಬಿಣ ಕಡಿಯುವ ಚಾಣಕ್ಕೆ ನೇರಳೆ (ಸುಮಾರು 280) ಬಂದಾಗ ತಕ್ಷಣ ತಣಿಸಿ. ಕಣ್ಣು ತಪ್ಪಿ ನೀಲಿ ದಾಟಿದರೆ ಬಾಯಿ ಮೆತ್ತಗಾಯಿತು. ಮತ್ತೆ ಮೊದಲಿನಿಂದ ಕಾಯಿಸಬೇಕು.

ಸುಮ್ಮನೆ ಮತ್ತೆ ಮತ್ತೆ ಅದ್ದುವುದರಿಂದ ಲಾಭವಿಲ್ಲ: ಪ್ರತಿ ಬಾರಿಯೂ ಮೇಲ್ಪದರದ ಇಂಗಾಲ ಒಂದಿಷ್ಟು ಸುಟ್ಟುಹೋಗುತ್ತದೆ, ಬಿರುಕಿನ ಅಪಾಯವೂ ಏರುತ್ತದೆ.