ರಸ್ತೆಯಲ್ಲಿ ಹೆಣ ಕಾಣದಿದ್ದರೆ ಜಿಂಕೆ ಕ್ಷೇಮವೆಂದಲ್ಲ

ಕಳೆದ ಅಕ್ಟೋಬರ್ ಕೊನೆಯಲ್ಲಿ, ಬೇಟೆಯ ಕಾಲದಲ್ಲಿ, ಅಮೆರಿಕದ ವಯೋಮಿಂಗ್ ರಾಜ್ಯದ ಲ್ಯಾರಮಿಯಿಂದ ರಾಲಿನ್ಸ್ ಕಡೆಗೆ ಐ-80 ಹೆದ್ದಾರಿಯಲ್ಲಿ ಹೊರಟಿದ್ದೆ. ಎಲ್ಕ್ ಮೌಂಟನ್ ಬಳಿ ಹೆದ್ದಾರಿಯಿಂದ ಇಳಿದು ಕಾರು ನಿಲ್ಲಿಸಿದಾಗ, ತಂತಿಬೇಲಿಯ ಆಚೆ ಮ್ಯೂಲ್ ಡಿಯರ್ ಎಂಬ ಜಾತಿಯ ಒಂದು ಹೆಣ್ಣು ಜಿಂಕೆ ಎರಡು ಮರಿಗಳೊಂದಿಗೆ ನಿಂತಿತ್ತು. ಹೇಸರಗತ್ತೆಯಂಥ ಅದರ ಅಗಲ ಕಿವಿಗಳು ಹಾದುಹೋಗುವ ಪ್ರತಿಯೊಂದು ಟ್ರಕ್ಕಿನ ಸದ್ದಿಗೂ ಹೊರಳುತ್ತಿದ್ದವು. ಬೇಲಿಯತ್ತ ಎರಡು ಹೆಜ್ಜೆ ಇಡುವುದು, ಮುಂಗಾಲೆತ್ತಿ ತಡೆಯುವುದು, ಮತ್ತೆ ಹಿಂದಕ್ಕೆ ಸರಿಯುವುದು, ಹೀಗೇ ಇಪ್ಪತ್ತು ನಿಮಿಷ ಕಳೆದ ಮೇಲೆ ಅದು ಬೆನ್ನು ತಿರುಗಿಸಿ, ಮರಿಗಳನ್ನು ಕರೆದುಕೊಂಡು ಸೇಜ್‌ಬ್ರಷ್ ಪೊದೆಗಳ ನಡುವೆ ಬಂದ ದಾರಿಯಲ್ಲೇ ಮರಳಿತು.

ವಾಹನ ಡಿಕ್ಕಿಯಿಂದ ಸತ್ತ ಜಿಂಕೆಗಳನ್ನು ಎಣಿಸಿ ರಸ್ತೆಯ ಅಪಾಯವನ್ನು ಅಳೆಯುವ ರೂಢಿ ಎಲ್ಲೆಡೆಯೂ ಇದೆ. ಈ ಲೆಕ್ಕ ನಮ್ಮನ್ನು ದಾರಿ ತಪ್ಪಿಸುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ವಾಹನಗಳು ವಿರಳವಾಗಿದ್ದರೆ ಜಿಂಕೆಗೆ ದಾಟಲು ಬಿಡುವು ಸಿಗುತ್ತದೆ. ಸಾಧಾರಣ ಸಂಚಾರವಿದ್ದಲ್ಲಿ ಅದು ಧೈರ್ಯ ಮಾಡಿ ನುಗ್ಗಿ ಸಾಯುತ್ತದೆ. ಸಂಚಾರ ಇನ್ನೂ ಹೆಚ್ಚಿದರೆ ದಾಟುವ ಯತ್ನವನ್ನೇ ಕೈಬಿಡುತ್ತದೆ. ಆಗ ಹೆಣಗಳ ಸಂಖ್ಯೆ ಇಳಿಯುತ್ತದೆ, ಕಾಗದದ ಮೇಲೆ ಎಲ್ಲವೂ ಸರಿಹೋದಂತೆ ಕಾಣುತ್ತದೆ. ವಯೋಮಿಂಗ್‌ನ ಉದ್ದಕ್ಕೂ ಸುಮಾರು 650 ಕಿಲೋಮೀಟರ್ ಚಾಚಿರುವ ಐ-80 ಇಂಥದೊಂದು ಗೋಡೆ. ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿದ ಜಿಂಕೆಗಳ ಓಡಾಟದ ನಕ್ಷೆಯಲ್ಲಿ ಎಷ್ಟೋ ಗೆರೆಗಳು ಈ ಹೆದ್ದಾರಿಯವರೆಗೆ ಬಂದು, ಅದರ ಅಂಚಿಗೇ ತಿರುಗಿಬಿಡುತ್ತವೆ.

ನಲವತ್ತು ವರ್ಷಗಳಿಂದ ಬೇಟೆಯಾಡುತ್ತಿರುವ ನನ್ನ ಹಿರಿಯ ಸಹೋದ್ಯೋಗಿಯೊಬ್ಬರಿಗೆ ಇದನ್ನು ನಕ್ಷೆ ನೋಡಿ ತಿಳಿಯಬೇಕಾಗಿಲ್ಲ. ಬೇಟೆಗಾರರ ಓಡಾಟಕ್ಕೆ ಬೆದರಿ ಇಳಿದುಬಂದ ಹಿಂಡು ಬೇಲಿಯ ಪಕ್ಕದಲ್ಲಿ ಮೈಲಿಗಟ್ಟಲೆ ಸಂದು ಹುಡುಕುತ್ತ ನಡೆಯುವುದನ್ನು ಅವರು ಕಂಡಿದ್ದಾರೆ. ಅಂಥ ಜಿಂಕೆಯ ಮೇಲೆ ಗುಂಡು ಹಾರಿಸಲು ತಮಗೆ ಮನಸ್ಸು ಬರುವುದಿಲ್ಲ ಎನ್ನುತ್ತಾರೆ. ಚಳಿಗಾಲದ ಮೇವಿನ ನೆಲಕ್ಕೆ ಹೋಗುವ ದಾರಿಯನ್ನು ಮರಿಗಳು ತಾಯಿಯ ಜೊತೆ ನಡೆದೇ ಕಲಿಯುತ್ತವೆಯಾದ್ದರಿಂದ, ಒಂದು ತಲೆಮಾರು ದಾಟದೆ ಹೋದರೆ ಆಚೆಗಿನ ಹುಲ್ಲುಗಾವಲು ಮುಂದಿನ ತಲೆಮಾರಿನ ನೆನಪಿನಲ್ಲೇ ಉಳಿಯುವುದಿಲ್ಲ.

ನಾನು ಗುಂಡ್ಲುಪೇಟೆ ಕಡೆಯವನು. ಒಂದು ಕಾಲಕ್ಕೆ ಮೈಸೂರು ಅರಸರ ಬೇಟೆಯ ಕಾಡಾಗಿದ್ದ ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ, ಅದನ್ನು ನಾನು ಮನಸಾರೆ ಬೆಂಬಲಿಸುತ್ತೇನೆ. ಆದರೆ ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಸರಕು ಸಾಗುವ ಐ-80ಕ್ಕೆ ರಾತ್ರಿ ಬೀಗ ಹಾಕಲಾಗದು. ಅಲ್ಲಿ ಉಳಿಯುವ ಉಪಾಯವೆಂದರೆ ಜಿಂಕೆಯನ್ನು ಸೇತುವೆಯತ್ತ ನಡೆಸುವ ಬೇಲಿ ಮತ್ತು ಅದನ್ನು ದಾಟಿಸುವ ಸೇತುವೆ, ಎರಡೂ ಒಟ್ಟಿಗೆ.

ಇದು ಫಲಿಸುತ್ತದೆ ಎಂಬುದಕ್ಕೆ ಪುರಾವೆ ಅದೇ ರಾಜ್ಯದಲ್ಲಿದೆ. ನಗೆಟ್ ಕ್ಯಾನ್ಯನ್‌ನಲ್ಲಿ 30ನೇ ಹೆದ್ದಾರಿಗೆ ಏಳು ಕೆಳಸೇತುವೆಗಳನ್ನು ಕಟ್ಟಿ, ನಡುವೆ ಎತ್ತರದ ಬೇಲಿ ಹಾಕಿದ ಮೇಲೆ ಮೂರು ವರ್ಷಗಳಲ್ಲಿ 49,000ಕ್ಕೂ ಹೆಚ್ಚು ಬಾರಿ ಮ್ಯೂಲ್ ಡಿಯರ್ ದಾಟಿದ್ದು ಕ್ಯಾಮೆರಾಗಳಲ್ಲಿ ದಾಖಲಾಯಿತು; ಡಿಕ್ಕಿಗಳು ಶೇಕಡಾ 81ರಷ್ಟು ಇಳಿದವು. ಮೊದಲು ಹಿಂಜರಿದ ಹಿಂಡುಗಳು ವರ್ಷದಿಂದ ವರ್ಷಕ್ಕೆ ರೂಢಿ ಮಾಡಿಕೊಂಡವು. ಸುಮಾರು 6,000 ವರ್ಷಗಳ ಹಿಂದೆಯೇ ಜನ ವಲಸೆಯ ಪ್ರಾಂಗ್‌ಹಾರ್ನ್ ಎಂಬ ಜಿಂಕೆಯಂಥ ಪ್ರಾಣಿಗಳನ್ನು ಕಾದು ಬೇಟೆಯಾಡುತ್ತಿದ್ದ ಟ್ರ್ಯಾಪರ್ಸ್ ಪಾಯಿಂಟ್ ಪ್ರದೇಶದಲ್ಲಿಯೂ 2012ರಲ್ಲಿ ಎರಡು ಮೇಲ್ಸೇತುವೆ, ಆರು ಕೆಳಸೇತುವೆಗಳು ಸಿದ್ಧವಾದವು.

1937ರ ಕಾಯಿದೆಯಂತೆ ಅಮೆರಿಕದಲ್ಲಿ ಬೇಟೆಯ ಬಂದೂಕು ಮತ್ತು ತೋಟಾಗಳ ಮೇಲಿನ ಸುಂಕ ವನ್ಯಜೀವಿಗಳ ಕೆಲಸಕ್ಕೇ ಸಲ್ಲುತ್ತದೆ. 2021ರ ಮೂಲಸೌಕರ್ಯ ಕಾಯಿದೆಯಲ್ಲಿ ಪ್ರಾಣಿಗಳು ದಾಟುವ ಸೇತುವೆಗಳಿಗೆಂದೇ ಐದು ವರ್ಷಕ್ಕೆ 35 ಕೋಟಿ ಡಾಲರ್ ತೆಗೆದಿಡಲಾಯಿತು. ಇಂಥ ಹಣವನ್ನು ಹಂಚುವಾಗ ಹೆಣ ಹೆಚ್ಚು ಬೀಳುವ ರಸ್ತೆಗಳ ಪಟ್ಟಿಯೊಂದನ್ನೇ ನೋಡಬಾರದು. ಜಿಪಿಎಸ್ ಗೆರೆಗಳು ಎಲ್ಲಿಗೆ ಬಂದು ನಿಂತುಬಿಡುತ್ತವೆಯೋ ಆ ಜಾಗಗಳನ್ನೂ ಗುರುತಿಸಿ, ಎಲ್ಕ್ ಮೌಂಟನ್‌ನಂಥ ಕಡೆ ಸೇತುವೆ ಕಟ್ಟಬೇಕು.