ಎಂಜಿನ್ ಅಡಿಯ ಆಯಿಲ್ ತೊಟ್ಟಿ, ಅಂದರೆ ಚೇಂಬರ್ ಕೂಡ ಇಳಿಸದೆ ನಮ್ಮ ಲಾರಿಯ ಎಂಜಿನ್ ಗುಜರಿಗೆ ಅಂತ ವರ್ಕ್‌ಶಾಪಿನವರು ಹೇಳಿದರೆ ಹೇಗೆ ಮಾರಾಯ್ರೆ?

ನನ್ನ ಸಿಟ್ಟು ಎಂಜಿನ್ ಮೇಲೆ ಅಲ್ಲ. ಅದು ದುಡಿದಿದೆ, ಸವೆದಿದೆ. ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ಏರಿನಲ್ಲಿ ಕೆಂಪುಕಲ್ಲು ತುಂಬಿಕೊಂಡು ಓಡುವ ಲಾರಿ ಒಂದಲ್ಲ ಒಂದು ದಿನ ಕೈಕೊಡುತ್ತದೆ. ಅದು ಎಲ್ಲರಿಗೂ ಗೊತ್ತಿರುವುದೇ. ಸಿಟ್ಟು ಬರುವುದು ಅಳತೆ ಮಾಡದೆ ತೀರ್ಪು ಕೊಡುವವರ ಮೇಲೆ. "ರಿಪೇರಿ ಮಾಡಿಸ್ತೀರಾ, ಬೇರೆ ಎಂಜಿನ್ ಕೂರಿಸುವುದಾ, ಬೇಗ ಹೇಳಿ" ಅಂತ ದಿನಾ ಫೋನ್. ಏನು ನೋಡಿ ಹೇಳಲಿ? ನೋಡುವ ಕೆಲಸ ಅವರದ್ದು. ಅವರು ನೋಡಿಯೇ ಇಲ್ಲ.

ಆಗಿದ್ದು ಇಷ್ಟು. 2012ರ ಮಾಡೆಲ್, ಹಳೆಯ ಹೊಗೆ ನಿಯಮದ ಬಿಎಸ್ 3, ಆರು ಸಿಲಿಂಡರಿನ ಲಾರಿ. ಓಡಿಸುವುದು ನನ್ನ ತಮ್ಮ. ರೇಡಿಯೇಟರ್ ನೀರು ಇಳಿಯುತ್ತಿದೆ, ಹೊರಗೆ ಎಲ್ಲೂ ಸೋರುತ್ತಿಲ್ಲ ಅಂತ ಅವನು ಹೇಳಿದ. ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಹಾಲು ಹಾಕಿದ ಚಹಾದ ಹಾಗೆ. ಬಿಸಿಯಾದ ಮೇಲೆ ಸ್ಲೋ ಸ್ಪೀಡಿನಲ್ಲಿ ಆಯಿಲ್ ಪ್ರೆಶರಿನ ಮುಳ್ಳು ಕೆಳಗೆ ಬೀಳುತ್ತಿತ್ತು. ಅಲ್ಲಿಗೇ ಬಂದ್ ಮಾಡಿ, ಎಳೆಸಿಕೊಂಡು ಹೋಗಿ ವರ್ಕ್‌ಶಾಪಿನಲ್ಲಿ ನಿಲ್ಲಿಸಿದೆವು. ನೀರು ಸೇರಿದ ಆಯಿಲಿನಲ್ಲಿ ಓಡಿಸಿದರೆ ಬೇರಿಂಗ್ ಸುಟ್ಟು ಹೋಗುತ್ತದೆ.

ಅಲ್ಲಿನ ಹಿರಿಯ ಮೆಕ್ಯಾನಿಕ್ ಬಂದರು. ಸ್ಟಾರ್ಟ್ ಮಾಡಿಸಿದರು. ಆಯಿಲ್ ಕ್ಯಾಪ್ ತೆಗೆದು ಅಂಗೈ ಹಿಡಿದರು. "ಬ್ಯಾಕ್ ಕಂಪ್ರೆಶನ್ ಜಾಸ್ತಿ ಉಂಟು. ನೀರೂ ಇಳಿದಿದೆ. ಈ ಎಂಜಿನ್ ಮುಗೀತು ಅಣ್ಣ. ಇದಕ್ಕೆ ದುಡ್ಡು ಹಾಕಬೇಡಿ" ಅಂದರು. ಅಷ್ಟೇ ಪರೀಕ್ಷೆ. ಬ್ಯಾಕ್ ಕಂಪ್ರೆಶನ್ ಅಂದರೆ ಸಿಲಿಂಡರಿನ ಒತ್ತಡ ಪಿಸ್ಟನ್ ರಿಂಗ್ ದಾಟಿ ಎಂಜಿನ್ ಒಳಗೆ ಇಳಿಯುವುದು. ಆಮೇಲೆ ಕೈ ಒರೆಸಿಕೊಂಡು, ತಲಪಾಡಿ ಗಡಿಯ ಆಚೆ ಹೋಗಿ ಕರ್ನಾಟಕದ ಡೀಸೆಲ್ ಹಾಕುವುದರಿಂದಲೇ ಹೀಗಾಗುವುದು ಅಂತ ಬೇರೆ ಹೇಳಿದರು. ಅಲ್ಲಿ ಅಗ್ಗ ಅಂತ ನಮ್ಮ ಕಡೆಯ ಲಾರಿಯವರು ಹೆಚ್ಚಿನವರೆಲ್ಲ ಅಲ್ಲೇ ಹಾಕುವುದು. ಡೀಸೆಲಿಗೂ ಆಯಿಲಿಗೆ ನೀರು ಸೇರುವುದಕ್ಕೂ ಎಂತ ಸಂಬಂಧ?

ನೀರು ಆಯಿಲಿಗೆ ಇಳಿಯಲು ದಾರಿ ಒಂದೇ ಅಲ್ಲ. ಎಂಜಿನಿನ ಮೇಲ್ಭಾಗದ ಹೆಡ್ ಕೆಳಗಿನ ಗ್ಯಾಸ್ಕೆಟ್ ಹೋಗಿರಬಹುದು. ಹೆಡ್‌ನಲ್ಲಿ ಬಿರುಕು ಇರಬಹುದು. ಪಿಸ್ಟನ್ ಓಡಾಡುವ ಕೊಳವೆ, ಅಂದರೆ ಲೈನರಿನ ಕೆಳಗಿನ ರಬ್ಬರ್ ರಿಂಗ್ ಗಟ್ಟಿಯಾಗಿ ಬಿಟ್ಟಿರಬಹುದು. ಲೈನರಿನಲ್ಲೇ ಸೂಜಿ ಮೊನೆಯಷ್ಟು ತೂತು ಬಿದ್ದಿರಬಹುದು. ಈ ತರದ ಎಂಜಿನಿನಲ್ಲಿ ಲೈನರಿನ ಹೊರಮೈಗೆ ನೀರು ನೇರವಾಗಿ ತಾಗುತ್ತದೆ. ಎಂಜಿನ್ ಓಡುವಾಗ ಲೈನರ್ ನಡುಗಿ ನೀರಿನಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದು ಒಡೆಯುತ್ತವೆ. ಅದೇ ಲೋಹವನ್ನು ಕೊರೆಯುತ್ತಾ ಹೋಗುತ್ತದೆ. ಕೂಲಂಟ್ ಹಾಕದೆ ಬರೀ ನೀರು ತುಂಬಿಸಿದರೆ ಇದು ಬೇಗ ಆಗುತ್ತದೆ, ಜೊತೆಗೆ ತುಕ್ಕು. ಇವೆಲ್ಲ ಬಿಟ್ಟು ಆಯಿಲ್ ಕೂಲರ್ ಒಂದೇ ಒಡೆದಿರಲೂಬಹುದು. ಆಗ ಸಾಮಾನ್ಯವಾಗಿ ರೇಡಿಯೇಟರಿನಲ್ಲೂ ಆಯಿಲ್ ತೇಲುತ್ತದೆ. ರೇಡಿಯೇಟರ್ ಮುಚ್ಚಳ ತೆಗೆದು ನೋಡಿದರಾ? ಇಲ್ಲ.

ಇದನ್ನು ಕಂಡುಹಿಡಿಯಲು ದೊಡ್ಡ ಯಂತ್ರ ಬೇಡ. ಆಯಿಲ್ ಖಾಲಿ ಮಾಡಿ, ಕೆಳಗಿನ ಚೇಂಬರ್ ಇಳಿಸಿ, ರೇಡಿಯೇಟರ್ ಬಾಯಿಗೆ ಕೈಪಂಪು ಕೂರಿಸಿ ಗಾಳಿಯ ಒತ್ತಡ ಕೊಡಬೇಕು. ಟಾರ್ಚ್ ಹಿಡಿದು ಕೆಳಗೆ ಮಲಗಿದರೆ ನೀರು ಎಲ್ಲಿಂದ ತೊಟ್ಟಿಕ್ಕುತ್ತದೆ ಅಂತ ಕಾಣುತ್ತದೆ. ಯಾವ ಸಿಲಿಂಡರ್ ಅಂತಲೂ ಗೊತ್ತಾಗುತ್ತದೆ. ಚೇಂಬರ್ ಹೇಗೂ ಕೆಳಗೆ ಬಂದಿರುತ್ತದಲ್ಲ, ಒಂದೆರಡು ಬೇರಿಂಗ್ ಕ್ಯಾಪ್ ಬಿಚ್ಚಿದರೆ ಪಿಸ್ಟನ್‌ಗಳು ತಿರುಗಿಸುವ ದಂಡ, ಅಂದರೆ ಕ್ರ್ಯಾಂಕ್ ಗೀರು ಬಿದ್ದಿದೆಯಾ, ಬಿಸಿಗೆ ನೀಲಿ ತಿರುಗಿದೆಯಾ ಅಂತಲೂ ತಿಳಿಯುತ್ತದೆ. ಒಂದು ದಿನದ ಕೆಲಸ. ಅದರ ಕೂಲಿ ಕೊಡುತ್ತೇನೆ ಅಂತ ನಾನೇ ಹೇಳಿದೆ. "ಸುಮ್ನೆ ವೇಸ್ಟ್ ಅಣ್ಣ" ಅಂದರು.

ಬ್ಯಾಕ್ ಕಂಪ್ರೆಶನ್ ಮಾತೂ ಹಾಗೆಯೇ. ಕ್ಯಾಪಿನಿಂದ ಹೊಗೆ ಬಂದ ಕೂಡಲೇ ಪಿಸ್ಟನ್, ರಿಂಗ್, ಲೈನರ್ ಎಲ್ಲ ಹೋಯಿತು ಅಂತ ಹೇಳಲು ಆಗುವುದಿಲ್ಲ. ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಕಟ್ಟಿದ್ದರೂ ಒತ್ತಡ ಏರುತ್ತದೆ. ಟರ್ಬೋದ ಸೀಲಿನಿಂದಲೂ ಬರಬಹುದು. ಬ್ರೇಕಿಗೆ ಗಾಳಿ ಕೊಡುವ ಕಂಪ್ರೆಸರಿನ ರಿಂಗ್ ಸವೆದರೂ ಗಾಳಿ ಎಂಜಿನ್ ಒಳಗೇ ಬರುತ್ತದೆ. ಒಂದೊಂದೇ ಸಿಲಿಂಡರಿಗೆ ಒತ್ತಡ ಅಳೆಯುವ ಗೇಜ್ ಹಾಕಿ ನೋಡಿದರೆ ಆರರಲ್ಲಿ ಯಾವುದು ಕೆಟ್ಟಿದೆ ಅಂತ ಗೊತ್ತಾಗುತ್ತದೆ. ಗೇಜ್ ಗೋಡೆಯಲ್ಲೇ ನೇತಾಡುತ್ತಿತ್ತು. ಅದನ್ನು ಮುಟ್ಟಲಿಲ್ಲ.

ಇಷ್ಟು ಅವಸರ ಯಾಕೆ ಅಂತ ಆಮೇಲೆ ತಿಳಿಯಿತು. ಅವರ ಹತ್ತಿರ ಒಂದು ರೀಕಂಡೀಶನ್ ಎಂಜಿನ್ ರೆಡಿ ಉಂಟು. ಮೂರು ಲಕ್ಷ, ನಮ್ಮ ಹಳೆಯದನ್ನು ಅವರಿಗೇ ಬಿಡಬೇಕು. ಅದು ಯಾವ ಲಾರಿಯದ್ದು ಅಂತ ಕೇಳಿದೆ. ಉತ್ತರ ಇಲ್ಲ. ಕ್ರ್ಯಾಂಕ್ ಎಷ್ಟು ಸೈಜ್ ಗ್ರೈಂಡ್ ಆಗಿದೆ ಅಂತ ಕೇಳಿದೆ. "ಅದೆಲ್ಲ ಸರಿ ಉಂಟು" ಅಂದರು. ಸರಿ ಇದ್ದರೆ ನಂಬರ್ ಹೇಳಬಹುದಲ್ವಾ? ಕ್ರ್ಯಾಂಕನ್ನು ಗ್ರೈಂಡ್ ಮಾಡಿಸಿದ ಹಾಗೆಲ್ಲ ಅದರ ದಪ್ಪ ಕಡಿಮೆ ಆಗುತ್ತದೆ, ಅಷ್ಟಷ್ಟೇ ಹೆಚ್ಚು ದಪ್ಪದ ಬೇರಿಂಗ್ ಹಾಕುತ್ತಾ ಹೋಗಬೇಕು. ಕೊನೆಯ ಸೈಜ್ ಮುಗಿದ ಕ್ರ್ಯಾಂಕ್ ಅದರಲ್ಲಿದ್ದರೆ ನಾನು ಮೂರು ಲಕ್ಷ ಕೊಟ್ಟು ಗುಜರಿ ತಂದ ಹಾಗೆ.

ಹಳೆಯದರ ರಿಪೇರಿಗೆ ಎಷ್ಟು ಅಂತ ಕೇಳಿದರೆ ಮೊದಲು ಒಂದೂವರೆ ಲಕ್ಷ ಅಂದರು. ಎರಡು ದಿನ ಬಿಟ್ಟು ಎರಡು. ಮೊನ್ನೆ "ಬಿಚ್ಚಿದ ಮೇಲೆ ಹೇಳುವ, ಎರಡೂವರೆ ದಾಟಬಹುದು." ಎಂಜಿನಿನ ಒಂದು ಬೋಲ್ಟ್ ಕೂಡ ಬಿಚ್ಚದೆ ಒಂದು ಲಕ್ಷ ಏರಿತು! ಎಸ್ಟಿಮೇಟ್ ಬರೆದುಕೊಡಿ ಅಂದೆ. ಮಲಯಾಳದಲ್ಲಿ ಬರೆಯಲಿ, ಇಂಗ್ಲಿಷಿನಲ್ಲಿ ಬರೆಯಲಿ, ನನಗೆ ಎರಡೂ ಓದಲು ಬರುತ್ತದೆ. ಬರೆದರಲ್ಲವೇ ಓದುವುದು? ಎಲ್ಲ ಬಾಯಲ್ಲೇ. ಬಿಚ್ಚಿ ಹರಡಿದ ಮೇಲೆ ಲಾರಿಯನ್ನು ಬೇರೆ ಕಡೆ ಒಯ್ಯಲೂ ಆಗುವುದಿಲ್ಲ. ಆಗ ಅವರು ಹೇಳಿದ್ದೇ ಲೆಕ್ಕ.

ಎಂಜಿನ್ ಬದಲಿಸಿದರೆ ಕೆಲಸ ಅಲ್ಲಿಗೆ ಮುಗಿಯುವುದೂ ಇಲ್ಲ. ಎಂಜಿನ್ ನಂಬರ್ ಇರುವುದು ಎಂಜಿನಿನ ಮುಖ್ಯ ಎರಕದ ಭಾಗವಾದ ಬ್ಲಾಕಿನ ಮೇಲೆ, ಅದೇ ನಂಬರ್ ಆರ್‌ಸಿಯಲ್ಲೂ ಇದೆ. ನಮ್ಮ ಬ್ಲಾಕ್ ಉಳಿಸಿಕೊಂಡು ಒಳಗೆ ಎಷ್ಟು ರಿಪೇರಿ ಮಾಡಿದರೂ ಕಾಗದಕ್ಕೆ ತೊಂದರೆ ಇಲ್ಲ. ಬ್ಲಾಕ್ ಬದಲಾದರೆ ಆರ್‌ಟಿಒ ಅನುಮತಿ ಬೇಕು, ಆರ್‌ಸಿ ತಿದ್ದಬೇಕು, ಇನ್ಶೂರೆನ್ಸಿನಲ್ಲೂ ತಿದ್ದಬೇಕು. ಎಂಜಿನ್ ಎಲ್ಲಿಂದ ಬಂತು ಅನ್ನುವುದಕ್ಕೆ ಬಿಲ್ ಬೇಕು. ಬಿಲ್ ಕೊಡ್ತೀರಾ ಅಂದರೆ "ನೋಡುವ" ಅಂತಾರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಲ್ಲಿ ಒಂದು ವಿನಾಯಿತಿಗೆ ಅವಕಾಶ ಉಂಟು. ಹತ್ತು ಅಥವಾ ಹೆಚ್ಚು ಲಾರಿ ಬಸ್ಸು ಇರುವವರಿಗೆ, ಅದೇ ಕಂಪನಿಯ ಅದೇ ತರದ ಎಂಜಿನ್ ಆದರೆ, ಮೊದಲೇ ಅನುಮತಿ ಕೇಳದೆ ಹಾಕಲು ಸರ್ಕಾರ ಬಿಡಬಹುದು. ಒಂದೇ ಲಾರಿ ಇರುವ ನಮ್ಮಂಥವರಿಗೆ ಅದಿಲ್ಲ. ಅಲೆಯಬೇಕಾದವರು ನಾವೇ.

ಇನ್ಶೂರೆನ್ಸ್ ಇದೆಯಲ್ಲ ಅಂತ ಕೇಳುವವರೂ ಇದ್ದಾರೆ. ಸವೆತಕ್ಕೆ, ಯಂತ್ರ ಕೆಟ್ಟದ್ದಕ್ಕೆ ಅದರಲ್ಲಿ ದುಡ್ಡು ಬರುವುದಿಲ್ಲ. ಇನ್ನು ಕೆಲವರು, ಮಾರಿ ಹೊಸ ಬಿಎಸ್ 6 ಲಾರಿ ತೆಗಿ ಅಂತಾರೆ. ಲೋನ್ ಕಂತು ಯಾರು ಕಟ್ಟುವುದು? ಮಳೆ ಹಿಡಿದರೆ ಕಲ್ಲು ಕಡಿಯುವ ಪಣೆಯಲ್ಲಿ ನೀರು ನಿಂತು ಕೆಲಸ ನಿಲ್ಲುತ್ತದೆ. ಕಂತು ನಿಲ್ಲುವುದಿಲ್ಲ. ನಮ್ಮ ಲಾರಿಯ ಚಾಸಿ, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಹೌಸಿಂಗ್ ಎಲ್ಲ ಗಟ್ಟಿ ಇದೆ. ಅದನ್ನು ಬಿಸಾಡುವ ದರಕ್ಕೆ ಕೊಡಲು ನನಗೆ ಮನಸ್ಸಿಲ್ಲ.

ನಿಂತ ಲಾರಿಗೂ ಟ್ಯಾಕ್ಸ್ ಇದೆ. ಕೇರಳದಲ್ಲಿ ಓಡಿಸದ ಗಾಡಿಗೆ ವಿನಾಯಿತಿ ಬೇಕಾದರೆ ಜಿ ಫಾರಂ ಮುಂಚಿತವಾಗಿ ಕೊಡಬೇಕು, ಗಾಡಿ ಎಲ್ಲಿ ನಿಂತಿದೆ ಅಂತ ತೋರಿಸಬೇಕು. ಎಂಜಿನ್ ಮುಂಚಿತವಾಗಿ ಹೇಳಿ ಕೆಡುತ್ತದಾ? ಎಂತ ಸಾವು ಇದು!

ನನಗೆ ರಿಪೇರಿಯೇ ಆಗಬೇಕು ಅನ್ನುವ ಹಟ ಇಲ್ಲ. ಬ್ಲಾಕ್ ಒಡೆದಿದ್ದರೆ, ಮೇನ್ ಬೇರಿಂಗ್ ಕೂರುವ ಜಾಗವೇ ಸುಟ್ಟಿದ್ದರೆ, ನಾನೇ ಬೇರೆ ಎಂಜಿನ್ ಹುಡುಕುತ್ತೇನೆ. ಆದರೆ ಬ್ಲಾಕ್ ಚೆನ್ನಾಗಿದ್ದು, ಕ್ರ್ಯಾಂಕಿಗೆ ಇನ್ನೊಂದು ಸೈಜ್ ಬಾಕಿ ಇದ್ದರೆ, ಲೈನರ್, ಪಿಸ್ಟನ್, ರಿಂಗ್, ಬೇರಿಂಗ್ ಹಾಕಿಸಿ ಹೆಡ್‌ಗೆ ನೀರಿನ ಒತ್ತಡದ ಟೆಸ್ಟ್ ಮಾಡಿಸಿದರೆ ಅದು ಇನ್ನೂ ಕೆಲವು ವರ್ಷ ದುಡಿಯುತ್ತದೆ. ಅದರ ಹುಟ್ಟು, ಅದರ ರೋಗ ಎರಡೂ ನಮಗೆ ಗೊತ್ತು. ಅವರ ಮೂರು ಲಕ್ಷದ ಎಂಜಿನಿನದ್ದು ಎಂತ ಗೊತ್ತು?

ಇವತ್ತು ಫೋನಿನಲ್ಲಿ ನೇರ ಹೇಳಿದೆ. ಚೇಂಬರ್ ನನ್ನ ಎದುರೇ ಇಳಿಸಬೇಕು, ಪಂಪು ಇಲ್ಲದಿದ್ದರೆ ನಾನು ತರುತ್ತೇನೆ. ಕ್ರ್ಯಾಂಕಿನ ಅಳತೆ ಕಾಗದದಲ್ಲಿ ಬೇಕು. ಅವರಿಗೆ ಆಗದಿದ್ದರೆ ಕ್ರ್ಯಾಂಕ್ ಮತ್ತು ಬ್ಲಾಕನ್ನು ಪಿಕಪ್‌ನಲ್ಲಿ ಹಾಕಿ ಮಂಗಳೂರಿನ ಲೇತಿಗೆ ನಾನೇ ಒಯ್ಯುತ್ತೇನೆ. "ನಾಳೆ ಬನ್ನಿ, ನೋಡುವ" ಅಂದರು. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ತಮ್ಮನನ್ನು ಕರೆದುಕೊಂಡು ಅಲ್ಲಿರುತ್ತೇನೆ. ನೀರು ಎಲ್ಲಿಂದ ಇಳಿಯುತ್ತಿದೆ ಅಂತ ನನ್ನ ಕಣ್ಣಿಗೆ ಕಾಣುವವರೆಗೆ ಒಂದು ರೂಪಾಯಿ ಅಡ್ವಾನ್ಸ್ ಕೊಡುವುದಿಲ್ಲ.