ಅತ್ತೆಯ ಟ್ರಂಕು, ಮಗಳ ಜೀನು

ನಮ್ಮ ಮನೆಗೆ ಕುದುರೆ ಬಂದಿಲ್ಲ. ಅದರ ಸಾಮಾನು ಮಾತ್ರ ಬಂದಿದೆ.

ಮಗಳು ಬೆಂಗಳೂರಿನ ಹೆಬ್ಬಾಳದಲ್ಲಿ ವೆಟರ್ನರಿ ಓದುತ್ತಾಳೆ. ಅಲ್ಲಿ ಎನ್‌ಸಿಸಿಯಲ್ಲಿ ಕುದುರೆ ಸವಾರಿ ಕಲಿಸುತ್ತಾರೆ. ಕಲಿತದ್ದು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಈ ಸಲ ರಜೆಗೆ ಬರುವಾಗ ಯಾರೋ ಸೀನಿಯರ್ ಮಾರಿದ ಹಳೇ ಜೀನು, ಲಗಾಮು, ಕಡಿವಾಣ, ಮೊಣಕಾಲುದ್ದದ ಬೂಟು, ಹೆಲ್ಮೆಟ್ಟು, ಕುದುರೆ ಮೈ ಉಜ್ಜುವ ಎರಡು ಬ್ರಷ್ಷು, ಎಲ್ಲ ಹೊತ್ತುಕೊಂಡು ದಾವಣಗೆರೆ ಸ್ಟೇಷನ್ನಿನಲ್ಲಿ ಇಳಿದಳು. ಜೀನು ಕಾನ್ಪುರದ್ದು. ಜೀನಿಗೆ ಹೆಸರಾದ ಊರೇ ಅದಂತೆ. ಆಟೋದವನು ಮೂರು ಸಲ ತಿರುಗಿ ನೋಡಿ, "ಕುದುರೆ ಹಿಂದೆ ಬರ್ತೈತೇನ್ರಿ ಅಕ್ಕಾ?" ಅಂದ.

ನಮ್ಮವರಿಗೆ ಮಾತ್ರ ಭಾರಿ ಖುಷಿ. "ನಮ್ಮೂರ ಹೆಸರೇ ಕುದುರೆಯಿಂದ ಬಂದದ್ದು ಕಣೇ. ಚಿತ್ರದುರ್ಗದ ಪಾಳೆಗಾರರ ಸೈನ್ಯ ಇಲ್ಲಿ ಕೆರೆ ಹತ್ರ ಕುದುರೆಗಳನ್ನ ದಾವಣಿ, ಅಂದ್ರೆ ಹಗ್ಗ ಹಾಕಿ ಕಟ್ತಿತ್ತಂತೆ. ದಾವಣಿ ಕೆರೆ ಹೋಗಿ ದಾವಣಗೆರೆ ಆಯ್ತು" ಅಂದರು. ಹಿರಿಯರು ಹೇಳಿಕೊಂಡು ಬಂದ ಮಾತು.

"ಹಂಗಾದ್ರೆ ಇದನ್ನೂ ಕೆರೆ ಹತ್ರಾನೇ ಇಟ್ಟು ಬಾ" ಅಂದರು ಅತ್ತೆ.

ಅಟ್ಟದ ಮೇಲೆ ಮಾವನವರ ಟ್ರಂಕಿತ್ತು. ಹತ್ತಿ ಗಿರಣಿಯಲ್ಲಿ ಕೆಲಸಕ್ಕೆ ಸೇರಿದಾಗ ಕೊಂಡದ್ದು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ ಅದು. ಗಿರಣಿ ಮುಚ್ಚಿತು, ಟ್ರಂಕು ಉಳಿಯಿತು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಮಾವನ ಹೆಸರು, ಅದರ ಕೆಳಗೆ ದಪ್ಪಕ್ಷರದಲ್ಲಿ ಊರಿನ ಹೆಸರು. ಇದನ್ನೇ ರಿಪೇರಿ ಮಾಡಿ ಕುದುರೆ ಸಾಮಾನು ತುಂಬಿಡೋಣ ಅಂತ ನಾನೇ ಹೇಳಿದೆ. ಯಾರೂ ಕೇಳಿರಲಿಲ್ಲ.

ಟೇಪು ಹಿಡಿದು ಅಳೆದೆ. ಉದ್ದ ಮೂರಡಿ, ಅಗಲ ಒಂದೂವರೆ, ಎತ್ತರ ಒಂದೂಕಾಲು. ಕುದುರೆ ಮರಿಯೂ ಹಿಡಿಸುತ್ತೆ ಅನ್ನಿಸಿತು.

ಮುಚ್ಚಳದ ಕೀಲು ಮುರಿದಿತ್ತು. ತಗಡಿನ ಅಂಗಡಿಯವನು ಟ್ರಂಕನ್ನು ಕಾಲಲ್ಲೇ ಒಂದು ಸುತ್ತು ತಿರುಗಿಸಿ ನೋಡಿದ. "ಹೊಸದೇ ತಗೋರಿ ಅಕ್ಕಾ, ಇದಕ್ಕೆ ಖರ್ಚು ಮಾಡೋದು ದಂಡ" ಅಂದ. ಹಳೇ ತಗಡು ಹೊಸದಕ್ಕಿಂತ ಗಟ್ಟಿ ಅಂತ ನಾನು ಭಾಷಣ ಮಾಡಿದೆ. ವೆಲ್ಡಿಂಗ್ ಮಾಡುವಾಗ ಅದೇ ಗಟ್ಟಿ ತಗಡಿಗೆ ಎರಡು ತೂತು ಬಿತ್ತು. ಅದಕ್ಕೂ ತೇಪೆ, ಅದಕ್ಕೂ ದುಡ್ಡು.

ಮುಂದಿನ ಕೆಲಸ ತುಕ್ಕು ತೆಗೆಯುವುದು. ಎಮರಿ ಪೇಪರ್ ತಂದು ಮುಚ್ಚಳ ಉಜ್ಜತೊಡಗಿದೆ. ಅಕ್ಷರ ಬಿಟ್ಟು ಉಜ್ಜು ಅಂತ ಅತ್ತೆ ಮೊದಲೇ ಹೇಳಿದ್ದರು. ಆದರೆ ಉಜ್ಜುವ ಕೈಗೆ ಒಂದು ಲಯ ಸಿಕ್ಕಿಬಿಟ್ಟರೆ ನಿಲ್ಲುವುದಿಲ್ಲ, ದೋಸೆ ಹುಯ್ದ ಹಾಗೆ. ಎಚ್ಚರ ಆಗಿ ನೋಡಿದರೆ ಮಾವನ ಹೆಸರು ಇತ್ತು, ದಾವಣ ಹೋಗಿತ್ತು. ಉಳಿದದ್ದು ಗೆರೆ.

ಅತ್ತೆ ಎರಡು ದಿನ ನನ್ನ ಕೈ ಕಾಫಿ ಕುಡಿಯಲಿಲ್ಲ. ಮೊಮ್ಮಗಳ ಕೈಲಿ ಮಾಡಿಸಿಕೊಂಡು ಕುಡಿದರು. ಅದರ ರುಚಿ ನೋಡಿದ ಮೇಲೆ ಮೂರನೇ ದಿನ ರಾಜಿಯಾದರು.

ಮಾವನ ಹೆಸರು ಮತ್ತು ಗೆರೆ ಬಿಟ್ಟು ರೆಡ್ ಆಕ್ಸೈಡ್ ಹೊಡೆದು, ಒಣಗಿದ ಮೇಲೆ ನೀಲಿ ಬಣ್ಣ ಬಳಿದೆ. ತಾರಸಿ ಮೇಲೆ ಇಟ್ಟು ಬಂದೆ. ನಮ್ಮದು ಮಂಡಕ್ಕಿ ಹುರಿಯುವ ಭಟ್ಟಿಗಳ ಕಡೆಯ ಮನೆ. ಮಧ್ಯಾಹ್ನ ಗಾಳಿ ನಮ್ಮ ಕಡೆ ತಿರುಗಿತು. ಸಂಜೆ ಹೋಗಿ ನೋಡಿದರೆ ಹಸಿ ಬಣ್ಣದ ತುಂಬ ಮಸಿ, ನೀಲಿ ಸೀರೆಗೆ ಕರಿ ಚುಕ್ಕಿ ಇಟ್ಟಂತೆ. ಭಟ್ಟಿಯವರಿಗೆ ಬೈಯೋಣ ಅಂದರೆ ನನ್ನ ಕೈಯಲ್ಲಿದ್ದ ಪೊಟ್ಟಣದಲ್ಲಿ ಮಂಡಕ್ಕಿ, ಮಿರ್ಚಿ. ಬಾಯಿ ತುಂಬಿತ್ತು. ಸುಮ್ನೆ ಅಗಿದೆ. ಈಗ ಕೇಳಿದವರಿಗೆ ಚುಕ್ಕಿ ಡಿಸೈನ್ ಅಂತ ಹೇಳುತ್ತೇನೆ.

ಒಳಗೆ ಹಳೇ ಕಾಟನ್ ಸೀರೆ ಹಾಸಿ, ಒಂದು ಪೊಟ್ಟಣ ನುಸಿಗುಳಿಗೆ ಸುರಿದು, ಎಲ್ಲರನ್ನೂ ಕರೆದೆ. ಜೀನು ಇಳಿಸಿದೆ. ಮುಚ್ಚಳ ಹಾಕಿದೆ. ಮುಚ್ಚಳ ಅರ್ಧಕ್ಕೆ ನಿಂತಿತು.

ಜೀನನ್ನು ಅಳೆದಿರಲಿಲ್ಲ.

ಅಡ್ಡ ಮಲಗಿಸಿ ಒತ್ತಿದೆ. ಮಗಳು ಕಿರುಚಿದಳು. "ಅಮ್ಮಾ, ಒಳಗೆ ಮರದ ಚೌಕಟ್ಟು ಇದೆ! ಅದು ಸೊಟ್ಟ ಆದ್ರೆ ಕುದುರೆ ಬೆನ್ನು ಗಾಯ ಆಗತ್ತೆ." ಜೀನನ್ನು ಪೆಟ್ಟಿಗೆಯಲ್ಲಿ ತುರುಕಬಾರದಂತೆ. ಕುದುರೆ ಬೆನ್ನಿನಂಥ ಗುಂಡನೆಯ ಸ್ಟ್ಯಾಂಡಿನ ಮೇಲೆ, ಗಾಳಿಯಾಡುವ ಕಡೆ ಇಡಬೇಕಂತೆ. ಮಳೆಗಾಲದಲ್ಲಿ ಮುಚ್ಚಿಟ್ಟರೆ ಚರ್ಮಕ್ಕೆ ಬೂಷ್ಟು ಹಿಡಿಯುತ್ತಂತೆ.

"ಇದನ್ನ ಮೊದಲೇ ಹೇಳೋಕೆ ಏನಾಗಿತ್ತು?"

"ನೀನು ಬೂಟು, ಬ್ರಷ್ ಇಡೋಕೆ ಮಾಡ್ತಿದೀಯ ಅಂದ್ಕೊಂಡೆ."

ಈಗ ಬೂಟು, ಬ್ರಷ್ಷು, ಲಗಾಮು ಟ್ರಂಕಿನೊಳಗಿವೆ. ಟ್ರಂಕಿನ ಮೇಲೆ ಹಾಸಿಗೆ ಸುರುಳಿ, ಅದರ ಮೇಲೆ ಜೀನು. ಬ್ರಷ್ಷು ಬೇಕಾದರೆ ಮೊದಲು ಜೀನು ಇಳಿಸಬೇಕು. ಇಳಿಸಿದರೆ ಇಡಲು ಮನೆಯಲ್ಲಿ ಗುಂಡನೆಯ ಜಾಗ ಒಂದೇ, ಅತ್ತೆ ಕೂರುವ ಕುರ್ಚಿಯ ಕೈ. ಅದಕ್ಕೆ ಅತ್ತೆ ಏಳಬೇಕು.

ಸೀರಿಯಲ್ ಮುಗಿಯುವವರೆಗೆ ಅತ್ತೆ ಏಳುವುದಿಲ್ಲ.